ಕೆಂಧೂಳು ಏಳುವ ಮೊದಲೇ ಓಲೆ ಬಿಚ್ಚುವ ಕೌಸರ್

ಬೆಳಗಿನ ಆರು ಗಂಟೆ. ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರ ಬಾಡಿಗೆ ಕೋಣೆ. ಪೂರ್ವದ ಕಿಟಕಿಗೆ ಆನಿಸಿದ ಮೇಜಿನ ಮುಂದೆ ಕೌಸರ್ ಕೂತಿದ್ದಾರೆ. ಎದುರಿಗೆ ಹಳೆಯ ತಾಳೆಗರಿ, ಕೈಯಲ್ಲಿ ಮೆತ್ತನೆಯ ಕುಂಚ. ಮಲಗಿದ ಕೂಸಿನ ಹಣೆ ಒರೆಸುವಂತೆ ಗರಿಯ ಧೂಳು ಸರಿಸುತ್ತಿದ್ದಾರೆ. ನಾನು ಒಳಗೆ ಕಾಲಿಟ್ಟದ್ದೇ ತಡ, ಗದರಿಕೆ ಬೀಳುತ್ತದೆ.

"ಬಾಗಲಾ ಹಾಕ್ರಿ ಸರ್ ಮೊದ್ಲ! ಅದಿರಿನ ಲಾರಿ ಶುರು ಆಗೋದ್ರೊಳಗ ಈ ಗರಿ ಮುಗೀಬೇಕು. ಆಮ್ಯಾಲ ನಿಮ್ಮ ಪ್ರಶ್ನಿ."

ತೆಪ್ಪಗೆ ಬಾಗಿಲು ಹಾಕುತ್ತೇನೆ. ಊರಿಗೆ ಊರೇ ಕೆಂಪು ಮಣ್ಣಿನ ಹಿಂದೆ ಬಿದ್ದಿರುವ ಕಾಲ ಇದು. ಚಹಾದಂಗಡಿಯಲ್ಲಿ ಅದಿರಿನ ಮಾತು, ಮದುವೆ ಮನೆಯಲ್ಲಿ ಲಾರಿಯ ಮಾತು. ನಮ್ಮ ಅನ್ನದ ತಟ್ಟೆಗೂ ಆ ಧೂಳು ಬಂದು ಕೂತಿದೆ. ಅದನ್ನು ಹೊರಗಿಡುವುದನ್ನೇ ಕಸುಬು ಮಾಡಿಕೊಂಡವರೊಬ್ಬರು ಇದೇ ಊರಲ್ಲಿದ್ದಾರೆಂದು ಕೇಳಿ, ನೋಡಿಯೇ ಬಿಡೋಣವೆಂದು ಬಂದೆ.

ಕೌಸರ್ ಸಿರುಗುಪ್ಪದ ಹೆಣ್ಣುಮಗಳು. ಗಂಡ ಶಕೀಲ್ ಆಟೊ ಓಡಿಸುತ್ತಾರೆ. ಮದುವೆಯಾಗಿ ಬಳ್ಳಾರಿಗೆ ಬಂದವರು ಜೀನ್ಸ್ ಹೊಲಿಯುವ ಕಡೆ ಸೇರಿ, ಹೊಲಿಗೆಯ ಮೇಲೆ ಉಳಿದ ದಾರದ ತುದಿ ಕತ್ತರಿಸುತ್ತಿದ್ದರು. ಮಾಲೀಕ ಹೊಲಿಗೆ ಯಂತ್ರ ಮಾರಿ ಲಾರಿ ಕೊಂಡ. ಅಲ್ಲಿಗೆ ಕೆಲಸ ಹೋಯಿತು. ಅದೇ ಹೊತ್ತಿಗೆ, ಹಳೆಯ ಓಲೆಗರಿ ಓದಲು ಕಂಪ್ಯೂಟರಿಗೆ ಕಲಿಸುವ ಸಣ್ಣ ಯೋಜನೆ ಹಿಡಿದು ಕೂತಿದ್ದ ಚಂದ್ರಣ್ಣನವರಿಗೆ ಒಂದು ಜೊತೆ ಗಟ್ಟಿ ಕಣ್ಣು ಬೇಕಿತ್ತು. ಗರಿಯ ಹಳೆಯ ಅಕ್ಷರ ಕಲಿತು ಕೌಸರ್ ಸೇರಿಕೊಂಡರು.

"ಇದನ್ನ ಕೃತಕ ಬುದ್ಧಿಮತ್ತೆ ಅಂತಾರ್ರಿ," ಎಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಚಂದ್ರಣ್ಣ ನನಗೆ ಪಾಠ ಶುರು ಮಾಡುತ್ತಾರೆ. ಕೌಸರ್ ಪೂರ್ತಿ ಮಾಡಗೊಡುವುದಿಲ್ಲ.

"ಸಣ್ಣ ಹುಡ್ರಿಗೆ ಅಕ್ಷರ ಕಲಿಸಿದಂಗರಿ. ಗರಿ ಫೋಟೋದಾಗ ಒಂದೊಂದ ಅಕ್ಷರಕ್ಕ ಚೌಕ ಹಾಕಿ, ಇದು ಕ, ಇದು ರ ಅಂತ ತೋರಸ್ತೀನಿ. ತೋರ್ಸಿ ತೋರ್ಸಿ ಸಾಕಾದ ಮ್ಯಾಲ ಒಂದೀಟು ತಲೀಗೆ ಹತ್ತತೈತಿ. ಹುಡ್ರಾದ್ರ ಅಳ್ತಾವು, ಇದು ಅಳಂಗಿಲ್ಲ. ಅಷ್ಟ ಸುಖ!"

ದಿನಕ್ಕೆ ಹತ್ತು ಹನ್ನೆರಡು ಗರಿ ದಾಟಿದರೆ ಹೆಚ್ಚು. ಸಂಜೆಗೆ ಕಣ್ಣು ಉರಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ. ಆದರೆ ಅವರನ್ನು ನಿಜಕ್ಕೂ ಅಳಿಸಿದ್ದು ಅದಲ್ಲ, ಕುರುಗೋಡಿನ ಒಂದು ಗರಿ.

ಕುರುಗೋಡಿನ ತಿಪ್ಪೇರುದ್ರಪ್ಪನವರಿಗೆ ಎಂಬತ್ತು ದಾಟಿದೆ. ಅವರ ತಾತ ದನಗಳ ವೈದ್ಯ. ತಾತ ಬರೆದ ಎರಡು ಕಟ್ಟು ಓಲೆಗರಿ ದೇವರ ಜಗಲಿಯ ಮೇಲಿದ್ದವು. ಆಯುಧ ಪೂಜೆಗೆ ಎಣ್ಣೆ, ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರೇ ಹೊರತು, ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. "ನಾ ಇರೋದ್ರೊಳಗ ನಮ್ಮ ತಾತ ಏನ್ ಬರದಾನ ಅಂತ ಕಿವೀಲೆ ಕೇಳಬೇಕು" ಎಂದು ಒಂದು ಕಟ್ಟು ಕೊಟ್ಟರು. ಇದನ್ನು ಓದಿ ತಂದರೆ ಇನ್ನೊಂದು ಎಂಬ ಕರಾರು.

ಗರಿಯ ಮೇಲೆ ಕೊರೆದ ಅಕ್ಷರ ಸುಮ್ಮನೆ ಕಾಣುವುದಿಲ್ಲ. ದೀಪದ ಮಸಿಗೆ ಎಣ್ಣೆ ಕಲಸಿ ಸವರಿ ಒರೆಸಿದರೆ ಗೀರುಗಳಲ್ಲಿ ಕಪ್ಪು ನಿಲ್ಲುತ್ತದೆ. ಹಿಂದಿನಿಂದ ಬಂದ ಪದ್ಧತಿ. ಕೌಸರ್ ಹಾಗೇ ಮಾಡಿದರು. ಗೀರಿನಲ್ಲಿ ಮೊದಲೇ ಅದಿರಿನ ಧೂಳು ಕೂತಿದ್ದದ್ದು ಗೊತ್ತಾಗಲಿಲ್ಲ. ಮಸಿ, ಎಣ್ಣೆ, ಧೂಳು ಕೂಡಿ ಕೆಸರಾಗಿ, ಎರಡು ಸಾಲು ಮುಚ್ಚಿಹೋದವು.

"ಒಂದು ಗರಿ ತಾನೆ, ಸುಮ್ನಿರ್ರಿ ಕೌಸರಕ್ಕಾ," ಎಂದರು ಚಂದ್ರಣ್ಣ. ಸುಮ್ಮನಿರುವ ಜೀವವೇ ಅದು? ಮರುದಿನವೇ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, ಕೆಡಿಸಿದ ಗರಿಯನ್ನು ಮುದುಕನ ಮುಂದಿಟ್ಟರು.

"ಬೈದ್ರು ಸರ್, ನೆಟ್ಟಗ ಬೈದ್ರು. ‘ಜಗಲಿ ಮ್ಯಾಲಿಂದು ಕೊಟ್ರ ಕೆಸರು ಮಾಡಿ ತಂದೀಯಲ್ಲ! ಇನ್ನೊಂದು ಕಟ್ಟು ಮರತುಬಿಡು’ ಅಂದ್ರು. ಈ ಕಟ್ಟರ ನನ್ನ ಕೈಯಾಗ ಬಿಡ್ರಿ ಅಂತ ಕಾಲು ಹಿಡಕೊಂಡೆ. ಹಠ ನನಗ. ಮುಗಸಲಿಲ್ಲಂದ್ರ ನಿದ್ದಿ ಬರಂಗಿಲ್ಲ."

ಅಂದಿನಿಂದ ಮಸಿ ಬಂದ್. ಹೊಸ ದಾರಿ ಹುಡುಕುತ್ತ ತಿಂಗಳುಗಟ್ಟಲೆ ಒದ್ದಾಡಿದರು. ಕೊನೆಗೆ ಕಂಡುಕೊಂಡದ್ದು ಇದು: ಎಳೆಬಿಸಿಲು ಅಡ್ಡಡ್ಡ ಬಿದ್ದಾಗ ಗೀರುಗಳಿಗೆ ನೆರಳು ಹುಟ್ಟಿ, ಬರಿಗರಿಯಲ್ಲೇ ಅಕ್ಷರ ಏಳುತ್ತದೆ. ಆ ಹೊತ್ತಿಗೇ ಫೋಟೋ ತೆಗೆಯಬೇಕು. ಧೂಳೂ ಆಗ ಕಡಿಮೆ. ನಸುಕಿನ ಈ ಧಾವಂತಕ್ಕೆ ಕಾರಣ ಅದೇ. ಆ ದನದ ವೈದ್ಯರ ಕೈಬರಹ ಕಂಪ್ಯೂಟರಿಗೂ ಮೆಲ್ಲಗೆ ರೂಢಿಯಾಯಿತು.

ಈ ವಾರ ಕಟ್ಟು ಮುಗಿದಿದೆ. ಓದಿ ಹೇಳಲು ಹೊರಟ ಕೌಸರ್ ಜೊತೆ ನಾನೂ ಕುರುಗೋಡಿನ ಬಸ್ಸು ಹತ್ತುತ್ತೇನೆ. ತಿಪ್ಪೇರುದ್ರಪ್ಪ ಕಟ್ಟೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದಾರೆ. ಕೌಸರ್ ಓದುತ್ತಾರೆ: ಕಾಲು ಬೇನೆಗೆ ಇದು, ಹಾಲು ಬತ್ತಿದರೆ ಇದು. ಮುದುಕರ ತುಟಿ ಅವರ ಜೊತೆಗೇ ಆಡುತ್ತದೆ. ಹೊಟ್ಟೆ ಉಬ್ಬರದ ಮದ್ದಿನ ನಡುವೆ ಓದು ಥಟ್ಟನೆ ನಿಲ್ಲುತ್ತದೆ.

"ಯಾಕಮ್ಮಾ? ಮುಂದ?"

"ಇಲ್ಲಿ ಎರಡು ಸಾಲು ಇಲ್ರಿ ತಾತಾ. ನಾ ಕೆಡಿಸಿದ್ದು. ಮಿಷನ್ನು ಯಾವ ಸೊಪ್ಪು, ಎಷ್ಟು ಅಂತ ತಾನ ತುಂಬೇತಿ. ಅದು ಕಂಡು ಹೇಳಿದ್ದಲ್ಲ, ಊಹೆ. ನಂಬಿ ಯಾರರ ಆಕಳಿಗೆ ಕುಡಿಸಿ ಅದು ಸತ್ತುಗಿತ್ತೀತು. ನಾ ಓದಂಗಿಲ್ಲ."

ಆ ಸಾಲು ಓದಿಬಿಟ್ಟಿದ್ದರೆ ಮುದುಕರಿಗೆ ಗೊತ್ತಾಗುತ್ತಿತ್ತೇ? ತಿಪ್ಪೇರುದ್ರಪ್ಪ ಕಣ್ಣು ತೆರೆದು ಕೌಸರ್ ಕಡೆ ನೋಡುತ್ತಾರೆ. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗುತ್ತಾರೆ.

"ಯಂಕಮ್ಮಾ, ಜಗಲಿ ಮ್ಯಾಲಿನ ಕಟ್ಟು ಇಳಿಸಮ್ಮಾ. ಈಕಿ ಕೈಯಾಗ ಕೊಡು."

ವಾಪಸು ಬರುವಾಗ ಬಸ್ಸಿನಲ್ಲಿ ಕೌಸರ್ ಹೊಸ ಕಟ್ಟನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಾರೆ. ಮುಂದಿನ ಆಸೆ ಏನೆಂದು ಕೇಳುತ್ತೇನೆ.

"ಓದಾಕೇನೋ ಕಲ್ತೈತ್ರಿ ಮಿಷನ್ನು. ಇನ್ನ ಅದಕ್ಕ ‘ನನಗ ಕಾಣವಲ್ದು’ ಅನ್ನಾಕ ಕಲಸಬೇಕು."