ಶಟಲ್ ಕೋರ್ಟ್ ಬಿಟ್ಟ ಮೇಲೆ

ನಿವೃತ್ತಿಯಾದ ಮೊದಲ ವಾರ ನನ್ನ ಮನೆಯೇ ನನಗೆ ಹೊಸದಾಗಿ ಕಂಡಿತು. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದವನು ನಾನು. ಹಗಲಿನಲ್ಲಿ ನಮ್ಮ ಮನೆಯೊಳಗೆ ಬಿಸಿಲು ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆ ಎಂಬುದೇ ಗೊತ್ತಿರಲಿಲ್ಲ. ಹೆಂಡತಿಗೆ ಇನ್ನೂ ಕೆಲವು ವರ್ಷ ಸರ್ವಿಸ್ ಉಳಿದಿತ್ತು. ಕಾಲೇಜೊಂದರ ಆಫೀಸಿನಲ್ಲಿ ಅವಳ ಕೆಲಸ. ಬೆಳಗ್ಗೆ ಡಬ್ಬಿ ತುಂಬಿಕೊಂಡು ಅವಳು ಹೊರಟರೆ ಸಂಜೆಯವರೆಗೆ ನಾನು, ಟಿವಿ, ಮತ್ತು ತಿಲಕ್ ನಗರದ ಕಡೆಯಿಂದ ಬರುವ ತರಕಾರಿ ಗಾಡಿಯ ಮೈಕಿನ ಕೂಗು.

"ಏನಾದ್ರೂ ಹಿಡ್ಕೊಳ್ರೀ," ಎಂದಳು ಒಂದು ದಿನ. "ಸುಮ್ನೆ ಕೂತ್ರೆ ಗಂಡಸರು ಹಾಳಾಗ್ತಾರೆ. ನಮ್ಮ ಆಫೀಸಲ್ಲಿ ಒಬ್ಬೊಬ್ಬರು ಮನೆ ಕತೆ ಹೇಳ್ತಿದ್ರೆ ಭಯ ಆಗತ್ತೆ."

"ಏನು ಹಿಡ್ಕೊಳ್ಳೋದು?"

"ಅದು ನಿಮಗೇ ಗೊತ್ತಾಗ್ಬೇಕು. ನನ್ನ ಮಾತ್ರ ಹಿಡ್ಕೋಬೇಡಿ."

ಸಲಹೆಗಳಿಗೇನೂ ಬರವಿರಲಿಲ್ಲ. ಒಬ್ಬರು ಸಹಸ್ರನಾಮದ ಗುಂಪಿಗೆ ಕರೆದರು, ಇನ್ನೊಬ್ಬರು ಬಸ್ಸಿನಲ್ಲಿ ಕೂರಿಸಿ ಹತ್ತು ಕ್ಷೇತ್ರ ತೋರಿಸಿಕೊಂಡು ಬರುವ ಟೂರಿಗೆ. ನಾನು ಆರಿಸಿಕೊಂಡದ್ದು ಜಯನಗರದ ಪಾರ್ಕೊಂದರ ಶಟಲ್ ಕೋರ್ಟು. ಕಾಲೇಜಿನಲ್ಲಿ ಆಡಿದ್ದೆ, ಮೊಣಕಾಲು ಇನ್ನೂ ಗಟ್ಟಿಯಿತ್ತು. ಬೆಳಗ್ಗೆ ಎರಡು ಗಂಟೆ ಹೊತ್ತು ಕಳೆದರೆ ಉಳಿದ ದಿನ ಹೇಗೋ ತಾನಾಗಿ ಸಾಗುತ್ತದೆ ಎಂದುಕೊಂಡೆ.

ಅಲ್ಲಿ ಆಡುವವರೆಲ್ಲ ನಿವೃತ್ತರೇ. ಅವರಲ್ಲಿ ಇಬ್ಬರ ಸುತ್ತಲೇ ಆಟ ನಡೆಯುತ್ತಿತ್ತು. ಒಬ್ಬರು ಸರ್ಕಾರಿ ಎಂಜಿನಿಯರ್ ಆಗಿದ್ದವರು. ಎತ್ತರದ ಆಳು, ಅಗಲ ಭುಜ, ನೂರಾರು ಜನರನ್ನು ಗದರಿಸಿ ಪಳಗಿದ ಗಂಟಲು. ಇನ್ನೊಬ್ಬರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಸಣಕಲು ದೇಹ, ಆದರೆ ನಾಲಿಗೆ ಬ್ಲೇಡಿನಂಥದು. ಎಂಜಿನಿಯರರ ಹೊಡೆತ ಗೆರೆಯ ಕಡೆಗೆ ಹೋಗುತ್ತಿರಲಿಲ್ಲ. ಎದುರಿನವರ ಎದೆಗೆ, ಮುಖಕ್ಕೆ ಬರುತ್ತಿತ್ತು. ಶಟಲ್ ತಾಗಿ ನನ್ನ ಕತ್ತಿನ ಮೇಲೆ ಬಾಸುಂಡೆ ಎದ್ದಾಗ ಅವರು ನಕ್ಕು, "ರಿಫ್ಲೆಕ್ಸ್ ಬೇಕು ಸಾರ್, ಬ್ಯಾಂಕಲ್ಲಿ ನಿದ್ದೆ ಮಾಡಿದ್ದು ಸಾಕು," ಎಂದಿದ್ದರು. ನಾನೂ ನಕ್ಕಿದ್ದೆ.

ಒಂದು ಬೆಳಗ್ಗೆ ಕೋರ್ಟಿನ ನಡುವೆ ಬೀದಿನಾಯಿಯೊಂದು ಮಲಗಿತ್ತು. ಓಡಿಸಿದ್ದರೆ ಓಡುತ್ತಿತ್ತು. ಎಂಜಿನಿಯರ್ ಸದ್ದಿಲ್ಲದೆ ಹತ್ತಿರ ಹೋಗಿ ಹೊಟ್ಟೆಗೆ ಒದ್ದರು. ಅದು ಗಾಳಿಯಲ್ಲಿ ಮಡಚಿಕೊಂಡು ಬಿದ್ದು ಕುಯ್ಯೆನ್ನಲೂ ಆಗದೆ ಹಿಂಗಾಲು ಎಳೆದುಕೊಂಡು ಹೋಯಿತು. ಉಳಿದವರು ನೆಟ್ಟು ಕಟ್ಟತೊಡಗಿದರು. ಮೇಷ್ಟ್ರು ಮಾತ್ರ, "ಪಾಪ, ಅದೇನು ನಿಮ್ಮ ಪ್ರಮೋಷನ್ ತಪ್ಪಿಸಿತ್ತಾ ಸಾರ್?" ಎಂದರು. ಎಂಜಿನಿಯರರ ದವಡೆ ಬಿಗಿದುಕೊಂಡದ್ದನ್ನು ನಾನು ನೋಡಿದೆ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಬೇಸಿಗೆಯ ಬೆಳಗು, ಆಗಲೇ ಸೆಕೆ. ನಾನು ಎಂಜಿನಿಯರರ ಜೋಡಿಯಾಗಿ ಆಡುತ್ತಿದ್ದೆ. ನೆಟ್ಟಿನ ಆ ಕಡೆ ಮೇಷ್ಟ್ರು. ಎಂಜಿನಿಯರ್ ಹೊಡೆದ ಶಟಲ್ ಹಿಂದಿನ ಗೆರೆಯ ಆಚೆ ಬಿತ್ತು.

"ಔಟು," ಎಂದರು ಮೇಷ್ಟ್ರು.

"ಔಟಲ್ಲ, ಇನ್."

"ಗೆರೆ ಇಲ್ಲಿದೆ, ಶಟಲ್ ಅಲ್ಲಿದೆ. ಬಂದು ನೋಡಿ."

"ಇನ್ ಅಂತ ನಾನು ಹೇಳ್ತಿದೀನಿ."

"ನೀವು ಹೇಳಿದ್ದಕ್ಕೆಲ್ಲ ಸೈನ್ ಹಾಕೋಕೆ ಇದು ನಿಮ್ಮ ಆಫೀಸಲ್ಲ ಸಾರ್. ಅಲ್ಲಿ ನಿಮ್ಮ ಕುರ್ಚೀಲಿ ಈಗ ಬೇರೆಯವರು ಕೂತಿದಾರೆ."

ಎಂಜಿನಿಯರ್ ನೆಟ್ಟಿನ ಕೆಳಗೆ ಬಗ್ಗಿ ಆ ಕಡೆ ಹೋದರು. ಗೆರೆ ನೋಡಲು ಹೋಗುತ್ತಿದ್ದಾರೆ ಎಂದುಕೊಂಡೆ. ಅವರ ಕೈಯ ರ‍್ಯಾಕೆಟ್ ಮೇಲೆದ್ದದ್ದು ಕಂಡಿತು. ಅದರ ಅಂಚು ಕೊಡಲಿಯಂತೆ ಮೇಷ್ಟ್ರ ಮುಖದ ಮೇಲೆ ಇಳಿಯಿತು. ಕನ್ನಡಕ ಒಡೆದು ಗಾಜಿನ ಚೂರು ಹುಬ್ಬಿನಲ್ಲಿ ನಾಟಿತು. ಮೇಷ್ಟ್ರು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದರು. ಎರಡನೆಯ ಏಟು ಆ ಬೆರಳುಗಳ ಮೇಲೆ, ಮೂರನೆಯದು ಕಿವಿಯ ಮೇಲೆ. ಅಷ್ಟರಲ್ಲಿ ರ‍್ಯಾಕೆಟ್ಟಿನ ಕತ್ತು ಮುರಿದು ಚೂಪಾದ ಕಡ್ಡಿ ಕೈಯಲ್ಲಿ ಉಳಿಯಿತು.

ನಾನು ಹಿಂದಿನಿಂದ ತಬ್ಬಿ ಹಿಡಿದೆ. ಬಂಡೆಯನ್ನು ಹಿಡಿದಂತಿತ್ತು. ಅವರು ಕೊಡವಿಕೊಂಡು ತಿರುಗಿದ ರಭಸಕ್ಕೆ ಆ ಕಡ್ಡಿ ನನ್ನ ಮೇಲ್ದುಟಿಯನ್ನು ಸೀಳಿ ಒಳಗೆ ಹೋಯಿತು. ಬಾಯಿ ತುಂಬ ಬಿಸಿ ರಕ್ತ. ಉಗುಳಿದಾಗ ಮಣ್ಣಿನಲ್ಲಿ ನನ್ನದೇ ಹಲ್ಲು ಬಿದ್ದಿತ್ತು. ನಾನು ಅದನ್ನು ನೋಡುತ್ತಿರುವಾಗಲೇ, ತಡವರಿಸುತ್ತ ಹಿಂದೆ ಸರಿಯುತ್ತಿದ್ದ ಮೇಷ್ಟ್ರ ಎದೆಗೆ ಎಂಜಿನಿಯರ್ ಒದ್ದರು. ನಾಯಿಗೆ ಒದ್ದ ಹಾಗೆಯೇ. ಮೇಷ್ಟ್ರು ಹಿಮ್ಮುಖವಾಗಿ ಹಾರಿ ಬಿದ್ದರು. ತಲೆಯ ಹಿಂಭಾಗ ಕಲ್ಲುಬೆಂಚಿನ ಮೂಲೆಗೆ ಬಡಿಯಿತು.

ಆ ಸದ್ದನ್ನು ವಿವರಿಸಲು ನನಗೆ ಇಷ್ಟವಿಲ್ಲ. ಪಾರ್ಕಿನ ಇನ್ನೊಂದು ತುದಿಯಲ್ಲಿ ನಗೆಕೂಟದವರು ಕೈ ಮೇಲೆತ್ತಿ ಹೋ ಹೋ ಹಾ ಹಾ ಎನ್ನುತ್ತಿದ್ದರು. ಇಲ್ಲಿ ಮೇಷ್ಟ್ರ ಹಿಮ್ಮಡಿ ಮಣ್ಣನ್ನು ಕೆರೆಯುತ್ತಿತ್ತು, ಕಣ್ಣು ತೆರೆದೇ ಇತ್ತು. ಎಂಜಿನಿಯರ್ ಅದೇ ಬೆಂಚಿನ ಇನ್ನೊಂದು ಕೊನೆಯಲ್ಲಿ ಕೂತು ಬಿಚ್ಚಿಹೋಗಿದ್ದ ಶೂ ಲೇಸು ಕಟ್ಟಿಕೊಳ್ಳತೊಡಗಿದರು.

ಆಟೋದಲ್ಲಿ ಮೇಷ್ಟ್ರ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಅವರು ಎರಡು ಸಲ ವಾಂತಿ ಮಾಡಿಕೊಂಡರು. ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಜೀವ ಉಳಿಯಿತು. ಬಲಗೈ ಬಲಗಾಲು ಸೋತವು, ಮಾತು ನಿಂತಿತು.

ನನ್ನ ತುಟಿಗೆ ಹೊಲಿಗೆ ಬಿದ್ದಿತ್ತು. ಪಾರ್ಕಿನ ಸಂಘದ ಅಧ್ಯಕ್ಷರು ಇನ್ನಿಬ್ಬರನ್ನು ಕರೆದುಕೊಂಡು ಸೇಬಿನ ಕವರಿನೊಂದಿಗೆ ಮನೆಗೆ ಬಂದರು.

"ಆಡ್ತಾ ಆಡ್ತಾ ಡಿಕ್ಕಿ ಹೊಡ್ಕೊಂಡ್ರು, ಕಾಲು ಜಾರಿ ಬಿದ್ರು ಅಂದ್ರೆ ಮುಗಿದು ಹೋಯ್ತು ಸಾರ್," ಎಂದರು. "ಈ ವಯಸ್ಸಲ್ಲಿ ಸ್ಟೇಷನ್ನು, ಕೋರ್ಟು ಅಂತ ಯಾಕೆ? ಅವರಿಗೂ ಮನೆ ಮಠ ಇದೆ. ಕೋಪ, ಒಂದು ನಿಮಿಷದ್ದು."

ಬಾಯಿ ತೆರೆಯಲು ಆಗದ್ದರಿಂದ ನಾನು ಉತ್ತರಿಸಬೇಕಾಗಿರಲಿಲ್ಲ. ಅದು ಒಂದು ರೀತಿ ಅನುಕೂಲವೇ ಆಯಿತು. ಏನು ಹೇಳಬೇಕೆಂದು ನಿಜಕ್ಕೂ ನನಗೆ ತಿಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಎಂಜಿನಿಯರರ ಹೆಂಡತಿ ಬಂದರು. ನನ್ನ ಹೆಂಡತಿಯೇ ಬಾಗಿಲು ತೆಗೆದಳು. ಆ ಬಿಸಿಲಿನಲ್ಲೂ ಆಕೆ ಮಣಿಕಟ್ಟಿನವರೆಗೆ ಬರುವ ತೋಳಿನ ರವಿಕೆ ತೊಟ್ಟಿದ್ದರು. ನೀರು ಕೊಟ್ಟರೆ ಲೋಟ ಹಿಡಿದು ಕೂತರು, ಕುಡಿಯಲಿಲ್ಲ.

"ನಮ್ಮ ಯಜಮಾನರನ್ನ ಕಾಪಾಡಿ ಅಂತ ಕೇಳ್ಕೊಂಡು ಬಾ ಅಂತ ಪಾರ್ಕಿನವರು ಕಳಿಸಿದಾರೆ," ಎಂದರು. "ಕೇಳಿದೀನಿ. ಆಯ್ತಲ್ಲ. ಈಗ ನನ್ನ ಮಾತು ಹೇಳ್ಲಾ?"

ನಾನು ತಲೆಯಾಡಿಸಿದೆ. ಆಕೆ ಎಡ ತೋಳನ್ನು ಮೇಲೆ ಸರಿಸಿದರು. ಮೊಣಕೈವರೆಗೆ ಹಸಿರು, ಹಳದಿ, ನೇರಳೆ. ಒಂದು ಕಡೆ ಮೂಳೆ ಸರಿಯಾಗಿ ಕೂಡದೆ ಉಬ್ಬಿಕೊಂಡಿತ್ತು.

"ಸರ್ವಿಸಲ್ಲಿದ್ದಾಗ ತಿಂಗಳಿಗೆ ಒಂದ್ಸಲ, ಎರಡು ಸಲ. ರಿಟೈರ್ ಆದ್ಮೇಲೆ ಹೊತ್ತು ಹೋಗ್ಬೇಕಲ್ಲ. ಸಾರಿಗೆ ಉಪ್ಪು ಕಮ್ಮಿ, ಕರ್ಟನ್ ಎಳೆದಿಲ್ಲ, ಯಾರಿಗೆ ಫೋನು ಮಾಡ್ತಿದ್ದೆ. ಮೊನ್ನೆ ಗ್ರೈಂಡರ್ ಕಲ್ಲು ಎತ್ಕೊಂಡು ಬಂದ್ರು. ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತೆ." ಆಕೆಯ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "ನೀವೆಲ್ಲ ಬೆಳಗ್ಗೆ ಎರಡು ಗಂಟೆ ಅವರನ್ನ ಇಟ್ಕೊಳ್ತಿದ್ರಿ. ಆ ಎರಡು ಗಂಟೆ ನಾನು ಕಾಫಿ ಕುಡಿದು ಮಲಗ್ತಿದ್ದೆ ಸಾರ್. ಅಷ್ಟೇ ನನ್ನ ನಿದ್ದೆ. ನೀವು ನಿಜ ಹೇಳಿ. ನಾನೂ ಹೇಳ್ತೀನಿ."

ನನ್ನ ಹೆಂಡತಿ ಆಕೆಯ ಕೈಯಿಂದ ಲೋಟ ತೆಗೆದಿಟ್ಟು, "ನೀವು ಆ ಮನೆಗೆ ವಾಪಸ್ ಹೋಗ್ತಿಲ್ಲ," ಎಂದಳು. ಅಂದೇ ಸಂಜೆಯ ಬೆಳಕಿರುವಾಗಲೇ ನಾವು ಮೂವರೂ ಸ್ಟೇಷನ್ನಿಗೆ ಹೋದೆವು. ಹೊಲಿಗೆ ಎಳೆಯುತ್ತಿತ್ತು, ಒಂದೊಂದು ಮಾತಿಗೂ ತುಟಿಯಿಂದ ರಕ್ತ ಜಿನುಗುತ್ತಿತ್ತು. ಕಂಡದ್ದನ್ನು ಕಂಡಂತೆ ಹೇಳಿದೆ. ಆಕೆ ಅಲ್ಲಿಂದ ಬನಶಂಕರಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಅಂದಿನಿಂದ ಆ ಮನುಷ್ಯನನ್ನು ನಾನು ಬಹುವಚನದಲ್ಲಿ ನೆನೆದಿಲ್ಲ. ಅವನನ್ನು ಹಿಡಿದರು, ಕೆಲವು ವಾರಗಳ ನಂತರ ಜಾಮೀನಿನ ಮೇಲೆ ಬಿಟ್ಟರು. ಸಂಘದವರು ನನ್ನನ್ನು ವಾಟ್ಸಾಪ್ ಗುಂಪಿನಿಂದ ತೆಗೆದು ಹಾಕಿದರು.

ಹೀಗೆ ನನ್ನ ಬೆಳಗು ಮತ್ತೆ ಖಾಲಿಯಾಯಿತು. ಒಂದು ದಿನ ಮೇಷ್ಟ್ರನ್ನು ನೋಡಲು ಅವರ ಮನೆಗೆ ಹೋದಾಗ ಅವರ ಹೆಂಡತಿ ಹೇಳಿದರು: "ದಿನಾ ಕೂತು ಮಾತಾಡಿಸ್ಬೇಕಂತೆ. ಚಿತ್ರ ತೋರಿಸಿ ಹೆಸರು ಹೇಳಿಸ್ಬೇಕಂತೆ. ನಾನು ಹೇಳಿಸಕ್ಕೆ ಹೋದ್ರೆ ಹೊಡೀತಾರೆ."

"ನಾನು ಬರ್ತೀನಿ," ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ. ಮನೆಗೆ ಹೋಗಿ ಟಿವಿ ಹಾಕಬೇಕಲ್ಲ ಎಂಬ ಸಂಕಟವೂ ಅದರಲ್ಲಿತ್ತು.

ಆ ಕೆಲಸ ಶಟಲ್‌ಗಿಂತ ಒರಟಾಗಿತ್ತು. ಬಟ್ಟಲಿನ ಚಿತ್ರ ತೋರಿಸಿದರೆ ಮೇಷ್ಟ್ರು "ಬಸ್ಸು" ಎನ್ನುವರು. ತಪ್ಪೆಂದು ಅವರಿಗೆ ತಕ್ಷಣ ತಿಳಿಯುತ್ತಿತ್ತು. ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, "ಬ... ಬ..." ಎಂದು ಒದ್ದಾಡಿ, ಕೊನೆಗೆ ಚಿತ್ರಗಳನ್ನೆಲ್ಲ ಎಡಗೈಯಿಂದ ಕೆಡವುವರು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಲು ಹೋಗುವರು. ಗಾಯದ ಜಾಗವೆಂದು ನಾನು ಅಡ್ಡ ಕೈ ಇಡಬೇಕು. ಒಮ್ಮೆ ಆ ಕೈಯನ್ನೇ ಕಚ್ಚಿದರು. ಹಲ್ಲಿನ ಗುರುತು ಮೂಡಿ ರಕ್ತ ಬಂತು.

ಒಂದು ಬೆಳಗ್ಗೆ ಅವರು ಕನ್ನಡಕದ ಚಿತ್ರವನ್ನು ನನ್ನ ಮುಖಕ್ಕೆ ಎಸೆದು ಉಗುಳಿದರು. ಎಂಜಲು ನನ್ನ ಕೆನ್ನೆಯ ಮೇಲೆ ಇಳಿಯಿತು. ನನ್ನ ಕೈ ಅವರ ಮಣಿಕಟ್ಟನ್ನು ಹಿಡಿದಿತ್ತು, ಹಿಡಿದದ್ದಲ್ಲ, ತಿರುಚುತ್ತಿತ್ತು. ಇನ್ನೊಂದು ಕೈ ಭುಜದ ಮಟ್ಟಕ್ಕೆ ಎದ್ದಿತ್ತು. ಬಾರಿಸಿದರೆ ಎಷ್ಟು ಹಗುರವಾಗುತ್ತದೆ ಎಂಬುದು ಆ ತೋಳಿಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡರು, ಏಟಿಗೆ ಕಾಯುವವರಂತೆ. ನಾನು ಕೈಬಿಟ್ಟು ಹೊರಗೆ ಹೋಗಿ ಗೇಟು ಹಿಡಿದು ನಿಂತೆ. ಬೇರೆ ಜಾತಿಯ ಮೃಗವೆಂದು ನಾನು ಅಂದುಕೊಂಡಿದ್ದ ಆ ಎಂಜಿನಿಯರನ ತೋಳು ನನ್ನ ಭುಜದಲ್ಲೂ ಇತ್ತು. ಅಂದು ಮನೆಗೆ ಹೋಗಿಬಿಡಬಹುದಿತ್ತು. ಬಹಳ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಬಂದೆ.

"ನನಗೂ ಕೋಪ ಬಂತು ಮೇಷ್ಟ್ರೇ," ಎಂದೆ. "ಹೊಡೆಯಲ್ಲ. ನೀವು ಬೇಕಾದ್ರೆ ದಿಂಬಿಗೆ ಹೊಡೀರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ದಿಂಬಿಗೆ ಹೊಡೆದರು. ಹತ್ತಿ ಹೊರಬರುವವರೆಗೆ ಹೊಡೆದರು. ನಾನೂ ಒಂದೆರಡು ಗುದ್ದಿದೆ. ಮೇಷ್ಟ್ರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವು ಪದಗಳು ಮರಳಿದ್ದವು. ನೀರು, ಬೇಡ, ಸಾಕು. ಅಂಥ ಒಂದು ಬೆಳಗ್ಗೆ ನಾವು ಕಾಫಿ ಕುಡಿಯುತ್ತಿರುವಾಗ ಗೇಟಿನ ಚಿಲಕ ಸದ್ದಾಯಿತು. ಬಾಗಿಲಲ್ಲಿ ಎಂಜಿನಿಯರ್ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು.

"ಆಗಿದ್ದು ಆಗೋಯ್ತು ಮೇಷ್ಟ್ರೇ," ಎಂದ, ಕರೆಯದೆಯೇ ಒಳಗೆ ಬರುತ್ತ. "ನೀವೂ ಹಾಗೆ ಮಾತಾಡ್ಬಾರ್ದಿತ್ತು. ಕೇಸು ವಾಪಸ್ ತಗೊಂಡ್ರೆ ಎಲ್ಲರಿಗೂ ನೆಮ್ಮದಿ. ಹೆಂಡ್ತೀನೂ ಮನೆ ಬಿಟ್ಟು ಹೋಗಿದಾಳೆ, ನಾನೊಬ್ಬನೇ ಇದೀನಿ."

ನಾನು ಏಳುವ ಮೊದಲೇ ಮೇಷ್ಟ್ರ ಎಡಗೈ ಬೀಸಿತ್ತು. ಬಿಸಿ ಕಾಫಿಯ ಸ್ಟೀಲ್ ಲೋಟ ಎಂಜಿನಿಯರನ ಹಣೆಗೆ ಬಡಿದು ಠಣ್ಣೆಂದು ಬಿತ್ತು. ಬಿಳಿ ಶರ್ಟು ಕಂದು ಬಣ್ಣಕ್ಕೆ ತಿರುಗಿತು, ಹಣೆಯಿಂದ ರಕ್ತ ಹನಿಯಿತು. ಅವನ ಕಣ್ಣು ಬದಲಾದದ್ದನ್ನು ಕಂಡೆ. ಬುಟ್ಟಿ ಬಿಸಾಡಿ ಮುನ್ನುಗ್ಗಿದ. ನಾನು ಸ್ಟೂಲನ್ನು ಅಡ್ಡ ಎತ್ತಿ ಅವನ ಎದೆಗೆ ಒತ್ತಿ ಬಾಗಿಲಿಗೆ ತಳ್ಳಿದೆ. ನನ್ನ ಹಿಂದೆ ಮಂಚದ ಮೇಲಿಂದ, ತೊದಲಿಲ್ಲದೆ, ಹಳೆಯ ಗಂಟಲಿನಲ್ಲಿ ಕೇಳಿತು:

"ಆಚೆ ಹೋಗೋ, ಬೇವರ್ಸಿ!"

ಎಂಜಿನಿಯರ್ ನಿಂತುಬಿಟ್ಟ. ನಾನೂ ತಿರುಗಿ ನೋಡಿದೆ. ಅಷ್ಟರಲ್ಲಿ ಎದುರುಮನೆಯವರು ಗೇಟಿನ ಬಳಿ ಸೇರಿದ್ದರು. ಅವನು ಹಣೆ ಒತ್ತಿಕೊಂಡು ಹೊರಟುಹೋದ. ಸೇಬು, ಮೂಸಂಬಿ ಕೋಣೆಯ ತುಂಬ ಉರುಳಿದ್ದವು. ಮೇಷ್ಟ್ರ ಹೆಂಡತಿ ಅವನ್ನು ಆರಿಸಿ ಕಸದ ಬಕೆಟ್ಟಿಗೆ ಹಾಕಿ, "ಇನ್ನೊಂದ್ಸಲ ಹೇಳ್ರೀ," ಎಂದರು ಗಂಡನಿಗೆ. ಎಷ್ಟು ಪ್ರಯತ್ನಿಸಿದರೂ ಆಮೇಲೆ ಆ ಮಾತು ಹೊರಡಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಕರೆದಾಗ ಹೋಗಿ ಸಾಕ್ಷಿ ಹೇಳಿ ಬಂದಿದ್ದೇನೆ, ಮತ್ತೆ ಕರೆದರೆ ಹೋಗುತ್ತೇನೆ. ಎಂಜಿನಿಯರನ ಹೆಂಡತಿ ತಂಗಿಯ ಮನೆಯ ಹತ್ತಿರವೇ ಒಂದು ರೂಮು ಮಾಡಿಕೊಂಡಿದ್ದಾರೆ. ಬೆಳಗ್ಗೆ ಎಂಟರವರೆಗೆ ಏಳುವುದೇ ಇಲ್ಲ ಎಂದು ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿಕೊಳ್ಳುತ್ತಾರಂತೆ. ಮೇಷ್ಟ್ರು ಈಗ ಸಣ್ಣ ವಾಕ್ಯಗಳನ್ನು ಆಡುತ್ತಾರೆ, ಕೋಲು ಹಿಡಿದು ಬೀದಿಯ ಮೂಲೆಯವರೆಗೆ ನಡೆಯುತ್ತಾರೆ. ಸಿಟ್ಟು ಬಂದರೆ ಇವತ್ತಿಗೂ ದಿಂಬು ಬೇಕು.

ನನ್ನ ಹೆಂಡತಿಗೂ ನಿವೃತ್ತಿ ಹತ್ತಿರವಾಗುತ್ತಿದೆ. "ಇಬ್ಬರೂ ಸೇರಿ ಎಲ್ಲಿಗಾದ್ರೂ ಹೋಗೋಣ, ಒಂದು ತಿಂಗಳು," ಎಂದಳು ಮೊನ್ನೆ.

"ಬೆಳಗ್ಗೆ ಮೇಷ್ಟ್ರು ಕಾಯ್ತಾರೆ," ಎಂದೆ.

"ಒಂದು ವಾರ?"

"ಕೇಳ್ತೀನಿ ಅವರನ್ನ."

ಕೇಳಿದೆ. ಅವರು ತುಂಬ ಹೊತ್ತು ಪದಗಳನ್ನು ಹುಡುಕಿ, "ನಾಲ್ಕು ದಿನ," ಎಂದರು.