ಕರುಣಕ್ಕ ಕಟ್ಟಿದ ಓಣಿ

ಕರುಣಕ್ಕನ ಮಕ್ಕಳಿಬ್ಬರೂ ನಮ್ಮೂರು ಜೇವರ್ಗಿಯನ್ನು ಕಣ್ಣಾರೆ ನೋಡುವ ಮೊದಲೇ ನಮ್ಮ ಓಣಿಯಲ್ಲಿ ದಾರಿ ಕೇಳದೆ ನಡೆಯಬಲ್ಲವರಾಗಿದ್ದರು. ಮೊದಲ ಸಲ ಊರಿಗೆ ಬಂದ ದಿನ ಆಟೋದಿಂದ ಇಳಿದವರೇ ಅವ್ವನನ್ನೂ ಸಾಮಾನನ್ನೂ ಅಲ್ಲೇ ಬಿಟ್ಟು ಮುಂದೆ ಓಡಿದರು. ಹಿರಿಯವನು ದೇವಪುತ್ರ, ಹತ್ತು ವರ್ಷದವನು. ಕಿರಿಯವಳು ಸುನಂದಾ, ಆರರವಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಆಫ್ರಿಕಾದ ತಾಂಜಾನಿಯಾದಲ್ಲಿ. ಆದರೂ ಅವನು ತಂಗಿಯ ಕೈ ಹಿಡಿದು, "ಇದು ಗಿರಣಿ. ಇದು ಮಸ್ತಾನ ಚಾಚಾನ ಪಂಕ್ಚರ್ ಅಂಗಡಿ. ಇಲ್ಲಿ ಕಲ್ಲು ಎದ್ದದ, ಎಡವಬ್ಯಾಡ ಬೇ" ಎನ್ನುತ್ತ ಹೋದ. ಅಲ್ಲಿ ಕಲ್ಲು ಎದ್ದದ್ದು ನಿಜ. ಅದೇ ಓಣಿಯಲ್ಲಿ ಹುಟ್ಟಿದ ನಾನೇ ವಾರಕ್ಕೊಮ್ಮೆ ಅದಕ್ಕೆ ಎಡವುತ್ತೇನೆ.

ಕರುಣಕ್ಕ ನಮ್ಮ ಎದುರು ಮನೆಯವಳು, ನನಗಿಂತ ಐದಾರು ವರ್ಷ ದೊಡ್ಡವಳು. ಅವರು ಕ್ರೈಸ್ತರು, ನಾವು ಲಿಂಗಾಯತರು. ನಡುವೆ ಓಣಿಯ ಅಗಲದಷ್ಟೇ ದೂರ. ನನಗೆ ಸೈಕಲ್ ಕಲಿಸಿದವಳು ಅವಳು, ಸೈಕಲ್ಲಿನಿಂದ ಬೀಳಿಸಿದವಳೂ ಅವಳೇ. ಶಿಕ್ಷಕಿಯ ಟ್ರೇನಿಂಗ್ ಮುಗಿಸಿ, ಪ್ರಭುದಾಸ ಎಂಬ ಸಾಧು ಸ್ವಭಾವದ ಪಾಸ್ಟರರನ್ನು ಮದುವೆಯಾಗಿ, ಒಂದು ದಿನ ನಮ್ಮ ಪಡಸಾಲೆಯಲ್ಲಿ ಕೂತು, "ನಾವು ಮಿಷನರಿ ಆಗಿ ಆಫ್ರಿಕಾಕ್ಕ ಹೊಂಟೇವಿ" ಅಂದಳು. ಓಣಿಗೆ ಓಣಿಯೇ ನಕ್ಕಿತು. ಮಿಷನರಿಗಳೆಂದರೆ ಬಿಳಿಯರು, ಅಲ್ಲಿಂದ ಇಲ್ಲಿಗೆ ಬರುವವರು ಎಂದು ನಾವು ತಿಳಿದಿದ್ದೆವು. ಆಫ್ರಿಕಾದ ಆ ಊರಿನವರೂ ಹಾಗೇ ತಿಳಿದಿದ್ದರಂತೆ.

"ಬಸ್ ಇಳದು ನಿಂತೇವಿ ಬೇ ಶೈಲಾ. ಜನ ಹಾಡ್ಕೋತ ಕರೀಲಾಕ ಬಂದಿದ್ರು. ನಮ್ಮನ್ನ ನೋಡಿದ್ರು, ಆಮ್ಯಾಗ ನಮ್ಮ ಹಿಂದ ನೋಡ್ಲಾಕತ್ರು. ಮಿಷನರಿ ಇನ್ನಾ ಇಳದಿಲ್ಲಂತ! ಬಸ್ ಹೋತು, ಧೂಳು ಇಳೀತು, ಆವಾಗ ಗೊತ್ತಾತು ಅವರಿಗೆ, ಬಂದವರು ನಾವೇ ಅಂತ."

ಇದನ್ನು ಹೇಳಿ ಅವಳು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನನಗಾಗಿದ್ದರೆ ಮರುದಿನದ ಬಸ್ಸಿಗೇ ವಾಪಸು ಬಂದುಬಿಡುತ್ತಿದ್ದೆ. ತಗಡಿನ ಮನೆ, ದೂರದ ನೀರು, ಸೊಳ್ಳೆ ಪರದೆಯೊಳಗೆ ಜ್ವರದಿಂದ ನರಳುವ ಕೂಸುಗಳು. ಪ್ರಭುದಾಸರು ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ ಪ್ರಾರ್ಥನೆ ನಡೆಸುವರು. ಇವಳು ಹಗಲು ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಬಂದು ರೊಟ್ಟಿ ಬಡಿಯುವಳು. ಅಲ್ಲಿಯೂ ಜೋಳ ಬೆಳೆಯುತ್ತಾರಂತೆ, ಆದರೆ ಹಿಟ್ಟನ್ನು ಕುದಿಸಿ ಮುದ್ದೆ ಮಾಡಿ ಉಣ್ಣುತ್ತಾರೆ. ರೊಟ್ಟಿಯ ಸಪ್ಪಳ ಮೊದಲ ಸಲ ಕೇಳಿದಾಗ, ಈ ಹೆಣ್ಣುಮಗಳು ಸಿಟ್ಟಿಗೆದ್ದು ಯಾರನ್ನೋ ಬಡಿಯುತ್ತಿದ್ದಾಳೆಂದು ನೆರೆಯ ಹೆಂಗಸರು ಓಡಿ ಬಂದಿದ್ದರಂತೆ.

ಆ ರೊಟ್ಟಿಯ ಹೊತ್ತೇ ಅವಳ ಮನೆಯಲ್ಲಿ ಜೇವರ್ಗಿಯ ಹೊತ್ತು. ಹಗಲೆಲ್ಲ ಮಕ್ಕಳು ಸ್ವಾಹಿಲಿಯಲ್ಲಿ ಆಡಲಿ, ಜಗಳಾಡಲಿ. ಹಂಚು ಕಾದ ಮೇಲೆ ಮಾತ್ರ ನಮ್ಮ ಮಾತೇ ಆಡಬೇಕು. ಒಂದು ರೊಟ್ಟಿ ಬಡಿದು ಮುಗಿಯುವುದರೊಳಗೆ ಅವಳು ನಮ್ಮ ಓಣಿಯ ಒಂದು ಮನೆ ಹೇಳಿ ಮುಗಿಸುತ್ತಿದ್ದಳು. ಆ ಮನೆಯ ಬಾಗಿಲು ಯಾವ ಕಡೆಗೆ, ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಹೇಗೆ ಬೈಯುತ್ತಾರೆ, ಮಕ್ಕಳು ಹೋದರೆ ತಿನ್ನಲು ಏನು ಕೊಡುತ್ತಾರೆ. ಹೀಗೆ ದಿನಾ ಸಂಜೆ ಆ ತಗಡಿನ ಮನೆಯಲ್ಲಿ ಕೂತು ಎರಡು ಮಕ್ಕಳಿಗಾಗಿ ಅವಳು ಒಂದು ಇಡೀ ಓಣಿಯನ್ನು ಕಟ್ಟಿದಳು. ಆ ಮಕ್ಕಳ ಕನ್ನಡವಂತೂ ಕೇಳಬೇಕು! ಇಂಗ್ಲಿಷ್ ಮೀಡಿಯಂ ಸೇರಿ ನಮ್ಮ ಹುಡುಗರು ಮರೆತ ಮಾತುಗಳನ್ನೆಲ್ಲ ಅವರು ಪಟಪಟ ಆಡುವಾಗ, ಓಣಿಯ ಮುದುಕಿಯರು ಬಾಯಿ ತೆರೆದು ಕೂರುತ್ತಿದ್ದರು.

ಆ ಮೊದಲ ದಿನ ಸುನಿ, ಅಂದರೆ ಸುನಂದಾ, ನಮ್ಮ ಮನೆಗೂ ಬಂದಳು. ಹೊಸ್ತಿಲ ಹೊರಗೇ ನಿಂತು "ಹೋಡಿ" ಎಂದು ಕೂಗಿದಳು. ಅವರ ಕಡೆ ಮನೆಯೊಳಗೆ ಬರುವ ಮೊದಲು ಹಾಗೆ ಕೂಗುತ್ತಾರಂತೆ. ನಾನು ಕರೆದ ಕೂಡಲೇ ಒಳಗೆ ಬಂದು, ಸೀದಾ ಕಿಟಕಿ ಪಕ್ಕದ ಆರಾಮ ಕುರ್ಚಿಯ ಮುಂದೆ ನಿಂತು, ಬಲಗೈ ಚಾಚಿದಳು. ಅದು ನಮ್ಮಪ್ಪನ ಕುರ್ಚಿ. ಅಪ್ಪ ಬಟ್ಟೆ ಅಂಗಡಿಯವರು, ಮಕ್ಕಳ ಬಾಯಲ್ಲಿ ಅಂಗಡಿ ಮುತ್ಯಾ, ಅಂದರೆ ಅಂಗಡಿ ಅಜ್ಜ. ಓಣಿಯ ಯಾವ ಮಗು ಬಂದು ಕೈ ಚಾಚಿದರೂ ಕಲ್ಲುಸಕ್ಕರೆ ಇಡುತ್ತಿದ್ದರು. ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಚಿಗವ್ವಾ, ಅಂಗಡಿ ಮುತ್ಯಾ ಎಲ್ಲಿ ಹೋಗ್ಯಾರ್ರಿ?"

ಹಿಂದೆಯೇ ಬಂದ ಕರುಣಕ್ಕ ಬಾಗಿಲಲ್ಲಿ ನಿಂತುಬಿಟ್ಟಳು. ಅಪ್ಪ ಹೋದ ಸುದ್ದಿ ಅವಳಿಗೆ ನಾನೇ ಫೋನಿನಲ್ಲಿ ಅಳುತ್ತ ಹೇಳಿದ್ದೆ. ಮಗುವನ್ನು ಆಚೆ ಕಳಿಸಿ ಅವಳು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ಅಲ್ಲಿ ಕುಂತು ಒಬ್ಬೊಬ್ಬರ್ನ ಸಾಯಸ್ಲಾಕ ನನ್ನ ಕೈಲೆ ಆಗ್ಲಿಲ್ಲ ಬೇ. ನನ್ನ ಮಕ್ಕಳಿಗಿ ಇರೋವೇ ನಾಕು ಮುತ್ಯಾ, ಆಯಿ. ಅವರ್ನೂ ತಗದ್ರ ಏನ್ ಉಳೀತದ? ಅದಕ್ಕ ಎಲ್ಲರ್ನೂ ಹಂಗೇ ಇಟ್ಟೇನಿ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಮ್ಮ ಮನೆಯಲ್ಲಿ ಹೂಮಾಲೆಯ ಫೋಟೋ ಆದ ಅಪ್ಪ, ಸಮುದ್ರದಾಚೆ ನಾಲ್ಕು ವರ್ಷ ದಿನಾ ಸಂಜೆ ಕಲ್ಲುಸಕ್ಕರೆ ಹಂಚುತ್ತಿದ್ದರಲ್ಲ ಎಂದು ನಾನು ಬೆರಗಾಗಿ ಕೂತೆ.

ಅದೇ ಸಲ ಅವರನ್ನು ನನ್ನ ಕಾರಿನಲ್ಲಿ ಆಳಂದ, ಅಫಜಲಪುರದ ಚರ್ಚುಗಳ ಸಭೆಗಳಿಗೆ ಕರೆದೊಯ್ದೆ. ಆಳಂದದಲ್ಲಿ ಹಿರಿಯರೊಬ್ಬರು ಎದ್ದು, "ಅಲ್ಲಿ ಏನೇನು ಸಾಧನಾ ಮಾಡೀರಿ, ಜರಾ ಹೇಳ್ರಿ" ಎಂದು ಕೇಳಿದರು. ದೊಡ್ಡ ಮಾತುಗಳಿಗಾಗಿ ಎಲ್ಲರೂ ಕಾಯುತ್ತಿದ್ದರು. ಕರುಣಕ್ಕ, "ಸಾಧನಾ ಏನಿಲ್ರಿ. ಅವರ ನಡುವ ಮನಿ ಮಾಡ್ಕೊಂಡು ಅದೇವ್ರಿ. ಅವರ ಮಂದಿ ಸತ್ರ ನಾವು ಅಳ್ತೇವಿ. ನಮ್ಮ ಮಕ್ಕಳಿಗಿ ಜ್ವರ ಬಂದ್ರ ಅವರು ನಿದ್ದಿ ಕೆಡ್ತಾರ. ಇಷ್ಟಽ ನೋಡ್ರಿ" ಎಂದು ಕೂತುಬಿಟ್ಟಳು. ಹಿರಿಯರ ಮುಖ ಸಪ್ಪಗಾಯಿತು. ಮುಂದೆ ಕರಜಗಿಯಲ್ಲಿ ಪರಿಚಯದವರ ಹೊಲದಲ್ಲಿ ಕಬ್ಬು ತಿನ್ನುತ್ತ ನಾನು, "ಅಕ್ಕಾ, ಆಫ್ರಿಕಾತನಕ ಹೋದಿ, ಎದುರು ಮನಿ ನನಗ ಮಾತ್ರ ನಿಮ್ಮ ದೇವರ ಮಾತು ಹೇಳ್ಲಿಲ್ಲ ನೋಡು" ಎಂದು ಕೆಣಕಿದೆ. ಅವಳು ಕಬ್ಬಿನ ಸಿಪ್ಪೆ ಉಗುಳಿ, "ನೀ ವಕೀಲ್ ಇದ್ದಿ. ನಿನ್ನ ಕೂಡ ವಾದ ಮಾಡ್ಲಾಕ ದೇವರಿಗೂ ಪುರಸತ್ತಿಲ್ಲ" ಅಂದಳು.

ಅವರು ಆಫ್ರಿಕಾಕ್ಕೆ ವಾಪಸು ಹೋಗಿ ಎರಡು ವರ್ಷಕ್ಕೆ ಪ್ರಭುದಾಸರು ಅಲ್ಲಿಯೇ ಜ್ವರದಿಂದ ತೀರಿಕೊಂಡರು. ಚರ್ಚಿನ ಹಿಂದಿನ ಹುಣಸೆ ಮರದ ಕೆಳಗೆ ಮಣ್ಣು ಮಾಡಿದರಂತೆ. ಮೂರು ತಿಂಗಳಿಗೆ ಕರುಣಕ್ಕ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದಳು. ಇನ್ನು ಅವಳು ಇಲ್ಲಿಯೇ ಇರುವುದು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಅವಳ ತಾಯಿ, ಓಣಿಗೆಲ್ಲ ಆಯಿ, ಮಗನ ಮನೆಯಲ್ಲಿ ಒಂದು ಕೋಣೆಗೆ ಸುಣ್ಣ ಹೊಡೆಸಿದ್ದರು. ನಾನು ಓಡಾಡಿ ಶಾಲೆಯೊಂದರಲ್ಲಿ ನೌಕರಿ ನೋಡಿದ್ದೆ. ಕರುಣಕ್ಕ ಇರುತ್ತೇನೆ ಅನ್ನಲಿಲ್ಲ, ಹೋಗುತ್ತೇನೆ ಅಂತಲೂ ಅನ್ನಲಿಲ್ಲ. ಬೆಳಗಾದರೆ ಏಳುವಳು, ಸಂಜೆ ರೊಟ್ಟಿ ಬಡಿಯುವಳು.

ಒಂದು ಸಂಜೆ ಅವರ ಅಂಗಳದಲ್ಲಿ ನಾವು ನಾಲ್ಕೈದು ಹೆಂಗಸರು ಕೂತಿದ್ದೆವು. ಆಯಿ ಬಾಗಿಲ ಪಕ್ಕದ ತಮ್ಮ ಕಲ್ಲುಕಟ್ಟೆಯ ಮೇಲಿದ್ದರು. ಒಲೆಯ ಮುಂದೆ ಕೂತ ಸುನಿ ಯಾರೂ ಕೇಳದಿದ್ದರೂ ಹೇಳತೊಡಗಿದಳು. "ನಮ್ಮೂರಾಗ ಈಗ ಆಡು ವಾಪಸ್ ಬರೋ ಹೊತ್ತು. ಬಾಜೂಕಿನ ಬೀಬಿ, ಅಲ್ಲಿ ಆಯಿಗಿ ಹಂಗಂತಾರ, ನೀರ್ ತರ್ತಾಳ. ಈಗ ನಮ್ಮಪ್ಪ ಬರ್ತಾನ. ದೂರದಿಂದೇ ಸೈಕಲ್ ಗಂಟಿ ಬಾರಸ್ತಾನ. ಹೋಡಿ ಅಂತಾನ."

ರೊಟ್ಟಿಯ ಸಪ್ಪಳ ನಿಂತಿತು.

"ಸುನಿ, ಅಪ್ಪ ಬರಲ್ಲವ್ವ" ಎಂದಳು ಕರುಣಕ್ಕ.

"ಗೊತ್ತದ. ಅಲ್ಲಿ ಬರಲ್ಲ. ಇಲ್ಲಿ ಕುಂತು ಹೇಳಿದ್ರ ಬರ್ತಾನ. ಅಂಗಡಿ ಮುತ್ಯಾಗ ನೀ ಹಂಗೇ ಮಾಡ್ತಿದ್ದಿಲ್ಲೇನು?"

ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯೆದ್ದಿತು. ಕರುಣಕ್ಕ ಅದನ್ನು ತಿರುವಲಿಲ್ಲ. ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಮಗಳನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ವಾಪಸು ಹೋಗುವುದಾಗಿ ಹೇಳಿದಳು. ಆಯಿ ಕೆರಳಿದರು. "ಮೊದ್ಲು ಗಂಡನ ಬೆನ್ನ ಹತ್ತಿ ಹೋದಿ. ಈಗ ಯಾರ ಬೆನ್ನ ಹತ್ತಿ ಹೋಗ್ತಿ?"

"ಮಕ್ಕಳ ಬೆನ್ನ ಹತ್ತಿ, ಅವ್ವ."

ನಾನು ಕೋರ್ಟಿನಲ್ಲಿ ಕಲಿತದ್ದನ್ನೆಲ್ಲ ಅವಳ ಮುಂದೆ ಹರಡಿದೆ. ಇಲ್ಲಿ ಮನೆ ಇದೆ, ನೌಕರಿ ಇದೆ, ನಾವಿದ್ದೇವೆ, ಅಲ್ಲಿ ಯಾರಿದ್ದಾರೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಲ್ಲಿದ್ರ ನನ್ನ ಮಕ್ಕಳು ಅವರಪ್ಪನ್ನ ಜೀವಂತ ಇಟ್ಕೊಂಡೇ ಇರ್ತಾವ ಬೇ. ಹಂಗ ಮಾಡ್ಲಾಕ ನಾನಽ ಕಲಿಸೇನಿ. ಅಲ್ಲಿ ಹೋದ್ರ ಸಂಜೀಕ ಸೈಕಲ್ ಬರಲ್ಲ. ಹುಣಚಿ ಗಿಡದ ಬುಡಕ ಮಣ್ಣು ಕಾಣ್ತದ. ಅಳ್ತಾವ. ಅಳ್ಲಿ. ಅವರಪ್ಪನ್ನ ಮಣ್ಣು ಮಾಡಿದ ಮಂದಿ ಅಲ್ಲೇ ಅದಾರ, ಅವರ ಕೂಡ ಕುಂತು ಅಳ್ಲಿ. ಅತ್ತು ಎದ್ದು ಉಣ್ತಾವ."

"ಹೆದ್ರಿಕಿ ಆಗಲ್ಲೇನು ನಿನಗ?"

"ಆಗ್ತದ. ಬಕ್ಕಳ ಆಗ್ತದ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಪೂಜಿಸುವ ಲಿಂಗ ಬೇರೆ, ಅವಳು ಕೈ ಮುಗಿಯುವ ದೇವರು ಬೇರೆ. ಆದರೆ ಅಂದು ಕಾಲಿಗೆ ಬೀಳುವಷ್ಟು ದೊಡ್ಡವಳಾಗಿ ಕಂಡಳು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಅವಳು ನನ್ನ ಕೆನ್ನೆ ಹಿಂಡಿ, "ಸಾವಕಾಶ ಗಾಡಿ ಹೊಡಿ ಬೇ" ಅಂದದ್ದೇ ಕೊನೆಯ ಭೇಟಿ.

ಈ ವರ್ಷ ಆಯಿ ತೀರಿಕೊಂಡರು. ಕರುಣಕ್ಕನಿಗೆ ಬರಲಾಗಲಿಲ್ಲ. ಫೋನಿನಲ್ಲಿ ಇಬ್ಬರೂ ಬಹಳ ಹೊತ್ತು ಅತ್ತೆವು. ಮಕ್ಕಳಿಗೆ ಹೇಳಿದೆಯಾ ಎಂದು ಹೆದರುತ್ತಲೇ ಕೇಳಿದೆ. ಸುದ್ದಿ ಬಂದ ಕೂಡಲೇ ಕೂರಿಸಿಕೊಂಡು ಹೇಳಿದಳಂತೆ. ಅಷ್ಟರಲ್ಲಿ ಸುನಿ ಫೋನು ಇಸಿದುಕೊಂಡಳು.

"ಚಿಗವ್ವಾ, ಆಯಿ ಹೋದ್ರಂತ. ಅವರ ಕಟ್ಟಿ ಮ್ಯಾಲ ಈಗ ಯಾರ ಕುಂದರ್ತಾರ್ರಿ?"

"ಯಾರೂ ಕುಂದರಲ್ಲವ್ವ. ಖಾಲಿ ಅದ."

"ಖಾಲಿ ಬಿಡಬ್ಯಾಡ್ರಿ. ನೀವು ಕುಂದರ್ರಿ. ಅವ್ವ ಈಗ ಇದ್ದವರದೇ ಹೇಳ್ತಾಳ್ರಿ, ಸತ್ತವರದು ಹೇಳಲ್ಲ. ಆಯಿ ಮನಿ ರೊಟ್ಟಿ ಬಡಿಯೋವಾಗ ಕಟ್ಟಿ ಮ್ಯಾಲ ಯಾರ ಹೆಸರು ಹೇಳ್ಬೇಕು?"

ಅಂದು ಸಂಜೆ ಕೋರ್ಟಿನಿಂದ ಬಂದವಳು, ಕರಿ ಕೋಟನ್ನೂ ಬಿಚ್ಚದೆ, ಓಣಿ ದಾಟಿ ಹೋಗಿ ಆ ಕಟ್ಟೆಯ ಮೇಲೆ ಕೂತೆ. ಆಯಿ ಕೂತು ಕೂತು ಸವೆದ ಜಾಗ ನನಗೆ ಸ್ವಲ್ಪ ಸಣ್ಣದಾಯಿತು. ಸರಿದು ಕೂತು, ಫೋನು ತೆಗೆದು, ಅಲ್ಲಿ ಅವರ ಹಂಚು ಕಾಯುವ ಮೊದಲೇ ಮಾತು ಮುಟ್ಟಲೆಂದು ಕರುಣಕ್ಕನಿಗೆ ಧ್ವನಿ ಸಂದೇಶ ಕಳಿಸಿದೆ.

"ಕುಂತೇನಿ ಅಕ್ಕಾ. ಮಕ್ಕಳಿಗಿ ಹೇಳು."