ಬದಲಿ ಕಾಲಂನಲ್ಲಿ ಪಂಚಪ್ಪ

ಹೊಸ ಕ್ಯಾಲೆಂಡರು ಮನೆಗೆ ಬಂದ ದಿನ ಪಂಚಪ್ಪನವರು ಅದನ್ನು ಮೊಳೆಗೆ ತೂಗುಹಾಕುವುದಿಲ್ಲ. ಮೊದಲು ಚಾಪೆಯ ಮೇಲೆ ಹರಡಿ, ಕನ್ನಡಕ ಒರೆಸಿಕೊಂಡು, ಹನ್ನೆರಡೂ ಹಾಳೆ ತಿರುವುತ್ತಾರೆ. ಯಾವ ರಜೆ ಶುಕ್ರವಾರಕ್ಕೆ ಅಂಟಿದೆ, ಯಾವುದು ಸೋಮವಾರಕ್ಕೆ, ಯಾವುದು ಭಾನುವಾರವೇ ಬಿದ್ದು ದಂಡವಾಯಿತು ಎಂದು ನೋಡುತ್ತಾರೆ. ಭಾನುವಾರ ಬಿದ್ದ ಹಬ್ಬಗಳ ಬಗ್ಗೆ ಅವರಿಗೆ ನಿಜವಾದ ಮರುಕವಿದೆ. ಯೋಗ್ಯತೆಯಿದ್ದೂ ಮುಂದೆ ಬರಲಾಗದ ಮನುಷ್ಯರ ವಿಷಯ ಹೇಳುವ ಹಾಗೆ ಅವುಗಳ ಹೆಸರು ಹೇಳುತ್ತಾರೆ.

ಈ ಸಲ ಕ್ಯಾಲೆಂಡರು ತಿರುವಿದವರೇ ಅಂಗಳಕ್ಕೆ ಬಂದು ಹೇಳಿದರು. ‘ಜನವರಿ ಇಪ್ಪತ್ತಾರು ಸೋಮವಾರ ಬಂದೈತ್ರಿ. ಶನಿವಾರ, ಐತವಾರ, ಸೋಮವಾರ. ಮೂರು ದಿನ. ಮಡಿಕೇರಿ.’

ಅಂಗಳ ಎಂದರೆ ಬ್ಯಾಟರಾಯನಪುರದಲ್ಲಿ ಬೈರಣ್ಣನವರ ವಠಾರದ್ದು. ಬೈರಣ್ಣ ಈ ಊರು ಊರಾಗಿದ್ದ ಕಾಲದಿಂದ ಇಲ್ಲಿಯವರು, ಮನೆ ಮಾಲೀಕರು. ಮಹಡಿಯ ಮೇಲೆ ಬ್ಲೌಸ್ ಹೊಲಿಯುವ ತಾಹೆರಾ, ಅವರ ಗಂಡ, ಇಬ್ಬರು ಹೆಣ್ಣುಮಕ್ಕಳು. ಅದರ ಮೇಲೆ, ತಾರಸಿಯ ಒಂಟಿ ಕೋಣೆಯಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ನಾನು. ನೆಲಮಟ್ಟದ ಎರಡು ಕೋಣೆಗಳಲ್ಲಿ ಪಂಚಪ್ಪ, ಅವರ ಹೆಂಡತಿ ಶಿವಲಿಂಗವ್ವ, ಮಗಳು ಪ್ರತಿಭಾ. ಗದಗಿನ ಕಡೆಯವರು. ಬಂದು ಮೂವತ್ತೊಂದು ವರ್ಷವಾಯಿತು. ಅಷ್ಟೂ ವರ್ಷ ಪಂಚಪ್ಪ ಯಶವಂತಪುರದ ಒಂದೇ ಬೇರಿಂಗ್ ಕಾರ್ಖಾನೆಗೆ, ಅದರ ಟೈಮ್ ಆಫೀಸಿನ ಒಂದೇ ಕುರ್ಚಿಗೆ ಹೋಗಿದ್ದಾರೆ. ಮಾರ್ಚಿಗೆ ನಿವೃತ್ತಿ.

ಅವರ ಕೆಲಸ ಪಾಳಿಯ ಚಾರ್ಟು ಬರೆಯುವುದು. ಯಾವ ಮೆಷಿನ್ನಿಗೆ ಯಾವ ಪಾಳಿಯಲ್ಲಿ ಯಾರು ಎಂದು ಚೌಕಾಕಾರದ ಮನೆಗಳನ್ನು ತುಂಬಬೇಕು. ಕೊನೆಯಲ್ಲಿ ‘ಬದಲಿ’ ಎಂಬ ಕಾಲಂ. ಬರಬೇಕಾದವನು ಬರದಿದ್ದರೆ ಯಾರು ನಿಲ್ಲುವುದು ಎಂಬುದಕ್ಕೆ ಅದು. ಟೈಮ್ ಆಫೀಸಿನಲ್ಲಿ ಬದಲಿ ಯಾರು ಎಂದರೆ ಪಂಚಪ್ಪ. ಚಾರ್ಟು ಬರೆಯಲು ಕೂತಾಗ ಬೇರೆ ಯಾರ ಹೆಸರಿಗಿಂತಲೂ ಮೊದಲು ಆ ಕಾಲಂನಲ್ಲಿ ತಮ್ಮ ಹೆಸರನ್ನು ಬರೆದುಬಿಡುತ್ತಾರಂತೆ. ಆಮೇಲೆ ಮನಸ್ಸು ನಿರಾಳವಾಗುತ್ತದಂತೆ.

ಹೀಗಾಗಿ ವಠಾರದವರಿಗೆಂದು ಪಂಚಪ್ಪ ಹೊಂದಿಸಿದ ಪ್ರವಾಸಗಳೆಲ್ಲ ಚೆನ್ನಾಗಿ ನಡೆದಿವೆ, ಪಂಚಪ್ಪ ಒಂದಕ್ಕೂ ಹೋಗಿಲ್ಲ. ಬೇಲೂರಿಗೆ ಎಲ್ಲರನ್ನೂ ಕಳಿಸಿದ ದಿನ ಆಫೀಸಿನಲ್ಲಿ ಯಾರಿಗೋ ಜ್ವರ. ಜೋಗಕ್ಕೆ ಕಳಿಸಿದಾಗ ಯಾರದೋ ಸೋದರಮಾವ ತೀರಿಕೊಂಡರು. ಮೈಸೂರಿಗೆ ಹೊರಟಾಗ ಯಾರೂ ರಜೆ ಕೇಳಿರಲಿಲ್ಲ. ‘ಆದ್ರೂ ಯಾರರೆ ತಪ್ಪಬಹುದು’ ಎಂದು ಉಳಿದರು. ಶಿವಲಿಂಗವ್ವನ ಫೋನಿನಲ್ಲಿ ಆ ಎಲ್ಲ ಊರುಗಳ ಚಿತ್ರಗಳಿವೆ. ಬೇಲೂರಿನ ಗೋಡೆಯ ಮುಂದೆ ಅವರು ನೆಟ್ಟಗೆ ನಿಂತಿದ್ದಾರೆ, ಪಕ್ಕದಲ್ಲಿ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು.

ಮಡಿಕೇರಿಯ ಹೆಸರು ಕೇಳಿದಾಗ ಶಿವಲಿಂಗವ್ವ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು.

‘ಈ ಸಲ ನಿಮ್ಮ ಚಾರ್ಟಿನ್ಯಾಗ ನೀವೂ ಇರಬೇಕು. ನೀವು ಬರಲಿಲ್ಲಂದ್ರ ನಾನೂ ಗಾಡಿ ಹತ್ತೂದಿಲ್ಲ. ಮೊದ್ಲ ಹೇಳೀನಿ.’

‘ಇರ್ತೀನಲ್ಲ, ಇರಲಾರದ ಎಲ್ಲಿ ಹೋಗ್ತೀನಿ’ ಎಂದರು ಪಂಚಪ್ಪ.

‘ಆ ಸ್ವೆಟರ್ ಮೂರು ವರ್ಷದಿಂದ ಟ್ರಂಕಿನ್ಯಾಗ ಮಲಗೈತಿ.’

ಅದು ಕಂದು ಬಣ್ಣದ ಸ್ವೆಟರು. ಯಶವಂತಪುರದ ಫುಟ್‌ಪಾತಿನಲ್ಲಿ ಶಿವಲಿಂಗವ್ವನೇ ಆರಿಸಿ ತಂದದ್ದು. ಬೆಂಗಳೂರಿನ ಚಳಿ ಚಳಿಯೇ ಅಲ್ಲ ಎಂಬ ವಾದ ಹೂಡಿ ಪಂಚಪ್ಪ ಅದನ್ನು ಹಾಕಿರಲಿಲ್ಲ. ಚಳಿ ಇರುವ ಊರಿಗೇ ಹೋದರೆ ಏನು ಹೇಳುತ್ತಾರೋ ನೋಡೋಣ ಎಂದು ಶಿವಲಿಂಗವ್ವನೂ ಕಾಯುತ್ತಿದ್ದರು.

ಮರುವಾರ ನೀರಿನ ಮೋಟಾರಿನ ಸ್ವಿಚ್ಚಿನ ಪಕ್ಕ ಚಾರ್ಟು ಅಂಟಿತು. ಐದಕ್ಕೆ ಹಾಜರಿ. ಐದೂ ಹತ್ತಕ್ಕೆ ಹೊರಡುವುದು. ಏಳೂ ನಲವತ್ತಕ್ಕೆ ತಿಂಡಿ, ಇಪ್ಪತ್ತೈದು ನಿಮಿಷ. ಮಡಿಕೇರಿ ಕೋಟೆಯೊಳಗಿನ ಆನೆ ಪ್ರತಿಮೆಗಳ ಮುಂದೆ ಫೋಟೋ, ಹತ್ತು ನಿಮಿಷ. ಮೂರ್ನಾಲ್ಕು ಕಡೆ ‘ಮಕ್ಕಳಿಗೆ’ ಎಂದಷ್ಟೇ ಬರೆದು ಐದೈದು ನಿಮಿಷ ಬಿಟ್ಟಿದ್ದರು. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದಕ್ಕೂ ಹೊತ್ತು ನಿಗದಿಯಾಗಿತ್ತು, ಆರೂ ಇಪ್ಪತ್ತು.

ಬೈರಣ್ಣ ಬೆರಳಿಟ್ಟು ಓದಿದರು. ‘ಏನ್ ಪಂಚಪ್ಪನೋರೆ, ಇಂಗೆ ಬರ್ದಿದೀರಿ. ಆನೆ ಮುಂದೆ ಅತ್ತು ನಿಮ್ಸ ಆಗೋದ್ರೆ ಸಂಬ್ಳ ಇಡೀತೀರಾ?’

‘ಒಂದು ಸಲ ಎಚ್ಚರಿಕೆ ಕೊಡ್ತೀವ್ರಿ’ ಎಂದರು ಪಂಚಪ್ಪ, ನಗದೆ.

ಚಾರ್ಟಿನಲ್ಲಿ ಹೆಸರುಗಳೂ ಇದ್ದವು. ಬೈರಣ್ಣನವರ ಮನೆಯಿಂದ ಐದು ಜನ: ಅವರು, ಹೆಂಡತಿ ಮಾರಮ್ಮ, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು. ತಾಹೆರಾ ಮನೆಯಿಂದ ನಾಲ್ವರು. ಶಿವಲಿಂಗವ್ವ, ಪ್ರತಿಭಾ, ನಾನು. ಒಟ್ಟು ಹನ್ನೆರಡು. ಗಾಡಿ ಹೆಬ್ಬಾಳದ ಸರ್ದಾರ್ ಅವರ ಟೆಂಪೋ. ಅದಕ್ಕಿದ್ದದ್ದೂ ಹನ್ನೆರಡೇ ಸೀಟು. ಹದಿಮೂರನೆಯ ಹೆಸರು ಕೊನೆಯಲ್ಲಿ, ‘ಬದಲಿ’ ಕಾಲಂನಲ್ಲಿ ತನ್ನ ಹಳೆಯ ಮನೆಯಲ್ಲಿ ಕೂತ ಹಾಗೆ ಕೂತಿತ್ತು. ಪಂಚಪ್ಪ.

ಪಂಚಪ್ಪ ಬಟ್ಟೆ ಒಣಹಾಕಲು ತಾರಸಿಗೆ ಬಂದಾಗ ‘ನಿಮಗೆ ಸೀಟು?’ ಎಂದು ಕೇಳಿದೆ. ಅವರು ಗಾಬರಿಯಾಗಲಿಲ್ಲ.

‘ಮೇಡಂ, ನೀವು ಓದಿದವರು. ನಾ ಅನುಭವ ಹೇಳ್ತೀನಿ. ಮೂವತ್ತೊಂದು ವರ್ಷದಾಗ ಹನ್ನೆರಡು ಮಂದಿ ಬರೀರಿ, ಹನ್ನೆರಡೂ ಮಂದಿ ಬಂದದ್ದು ನಾ ನೋಡಿಲ್ಲ. ಒಬ್ಬರು ತಪ್ಪೇ ತಪ್ತಾರ. ಆ ಜಾಗಾದಾಗ ನಾ ಕುಂದರ್ತೀನಿ. ಹದಿಮೂರು ಸೀಟು ಹಿಡಿದಿದ್ರ ಒಂದು ಖಾಲಿ ಹೋಗ್ತಿತ್ತು.’

‘ಎಲ್ಲರೂ ಬಂದರೆ?’

‘ಬರಾಂಗಿಲ್ಲ’ ಎಂದರು, ಮಳೆಯ ಬಗ್ಗೆ ರೈತ ಹೇಳುವಷ್ಟು ಖಚಿತವಾಗಿ. ಆಮೇಲೆ ದನಿ ತಗ್ಗಿಸಿ, ‘ಶಿವಲಿಂಗವ್ವಗ ಹೇಳಬ್ಯಾಡ್ರಿ.’

ಶಿವಲಿಂಗವ್ವ ಸಣ್ಣ ಅಕ್ಷರಕ್ಕೆ ಕಣ್ಣು ಕೊಡುವವರಲ್ಲ. ಚಾರ್ಟಿನಲ್ಲಿ ಗಂಡನ ಹೆಸರು ಇದೆ ಎಂದು ಪ್ರತಿಭಾ ಹೇಳಿದ್ದಳು, ಅದು ಸುಳ್ಳೂ ಆಗಿರಲಿಲ್ಲ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಸರಿಯೇ ಎಂದು ಆ ವಾರವಿಡೀ ಯೋಚಿಸಿದೆ.

ಅಲ್ಲಿಂದ ಪಂಚಪ್ಪ ಎಲ್ಲರ ಆರೋಗ್ಯ ವಿಚಾರಿಸತೊಡಗಿದರು. ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಮಾರಮ್ಮನ ಬಾಗಿಲಿಗೆ.

‘ಮೊಣಕಾಲು ಹ್ಯಾಂಗೈತ್ರಿ? ಮಡಿಕೇರಿ ಅಂದ್ರ ಬರೇ ಏರು.’

‘ಎಳ್ಳೆಣ್ಣೆ ಅಚ್ಕೊಂಡು ನೀವ್ತಾ ಇದೀನಿ ಕಣಪ್ಪ. ಈಗ ಓಡಾಡ್ತೀನಿ ನೋಡು’ ಎಂದು ಮಾರಮ್ಮ ಅಂಗಳದಲ್ಲಿ ನಡೆದು ತೋರಿಸಿದರು. ಪಂಚಪ್ಪ ‘ಛಲೋ ಆತು’ ಎಂದರು. ಮುಖದಲ್ಲಿ ಛಲೋ ಆದ ಗುರುತಿರಲಿಲ್ಲ.

ತಾಹೆರಾ ಅವರಲ್ಲಿ ಮದುವೆ ಬ್ಲೌಸುಗಳ ಆರ್ಡರು ಬಂದಿರಬೇಕಲ್ಲ ಎಂದು ಕೇಳಿದರು. ‘ಎಲ್ಲ ವಾಪಸ್ ಕಳ್ಸಿದೀನಿ ಅಂಕಲ್. ಮಕ್ಳು ಎಷ್ಟು ಖುಷೀಲಿದಾರೆ ಗೊತ್ತಾ’ ಎಂದರು ತಾಹೆರಾ. ಬೈರಣ್ಣನವರ ಮಗ ವಿಜಯ್ ಕುಮಾರನ ಕಂಪನಿಯಿಂದ ರಜೆಯಲ್ಲೂ ಫೋನು ಬರುತ್ತದೆ ಎಂಬುದು ಪಂಚಪ್ಪನವರ ದೊಡ್ಡ ಆಸೆಯಾಗಿತ್ತು. ಆತ ಫೋನನ್ನೇ ಮನೆಯಲ್ಲಿ ಬಿಟ್ಟು ಬರುತ್ತೇನೆ ಎಂದ. ಕೊನೆಗೆ ನನ್ನ ಬಳಿ ಬಂದರು.

‘ನಿಮ್ಮ ಕಾಲೇಜಿನ್ಯಾಗ ಪರೀಕ್ಷೆ ಪೇಪರ್ ಏನೂ ಇರೂದಿಲ್ಲೇನ್ರಿ ಈ ಹೊತ್ತಿನ್ಯಾಗ?’

‘ಇಲ್ಲ. ಆದರೆ ನಾನು ಬರೋದಿಲ್ಲ ಅಂತ ಬರ್ಕೊಳ್ಳಿ’ ಎಂದೆ.

ಅವರು ನಿಜವಾಗಿ ನೊಂದುಕೊಂಡರು. ‘ಹಂಗಲ್ರಿ. ಗೈರುಹಾಜರಿ ತಾನಾಗೇ ಆಗಬೇಕು. ಹೇಳಿ ಮಾಡ್ಸೂದಲ್ಲ ಅದು.’

ಶನಿವಾರ ನಸುಕಿನಲ್ಲಿ ಅಂಗಳದ ದೀಪದ ಸುತ್ತ ಮಂಜು ಸಣ್ಣದಾಗಿ ಕೂತಿತ್ತು. ಸರ್ದಾರ್ ನಾಲ್ಕೂ ಮುಕ್ಕಾಲಿಗೇ ಗಾಡಿ ತಂದು ನಿಲ್ಲಿಸಿದ್ದರು. ಮಾರಮ್ಮ ಅದಕ್ಕೂ ಮೊದಲೇ ಮಂಕಿ ಕ್ಯಾಪು ಹಾಕಿಕೊಂಡು ಮೆಟ್ಟಿಲ ಮೇಲೆ ಸಿದ್ಧರಾಗಿದ್ದರು. ತಾಹೆರಾ ಮಕ್ಕಳು ಎರಡು ಜಡೆಗಳಿಗೂ ರಿಬ್ಬನ್ ಕಟ್ಟಿಕೊಂಡಿದ್ದರು. ಶಿವಲಿಂಗವ್ವನ ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಅವರೇ ಟ್ರಂಕಿನಿಂದ ತೆಗೆದುಕೊಟ್ಟ ಕಂದು ಸ್ವೆಟರಿನಲ್ಲಿ ಪಂಚಪ್ಪ ಪೆನ್ನು ಹಿಡಿದು ಬಾಗಿಲ ಬಳಿ ನಿಂತು ಹೆಸರು ಕೂಗಿದರು. ಒಬ್ಬೊಬ್ಬರೇ ಹತ್ತಿದರು. ಒಂದೊಂದೇ ಗುರುತು ಬಿತ್ತು. ಐದಕ್ಕೆ ಎರಡು ನಿಮಿಷ ಇರುವಾಗ ಹನ್ನೆರಡನೆಯ ಗುರುತೂ ಬಿತ್ತು. ಅವರು ಹಾಳೆಯನ್ನು ದೀಪಕ್ಕೆ ಹಿಡಿದು ಮತ್ತೊಮ್ಮೆ ನೋಡಿದರು.

‘ಹತ್ತಿ ಸಾರ್’ ಎಂದರು ಸರ್ದಾರ್. ಆಮೇಲೆ ಕನ್ನಡಿಯಲ್ಲಿ ಎಣಿಸಿ, ‘ಸೀಟಿಲ್ವಲ್ಲ ಸಾರ್. ಪಾಸಿಂಗ್ ಹನ್ನೆರಡಕ್ಕೇ ಇರೋದು. ಲಾಂಗ್ ವೀಕೆಂಡು, ಎಲ್ಲಾ ಕಡೆ ಪೊಲೀಸ್ನೋರು ನಿಲ್ಸ್ತಾರೆ. ಒಬ್ರನ್ನೂ ಜಾಸ್ತಿ ಕೂರ್ಸೋ ಹಂಗಿಲ್ಲ.’

ಗಾಡಿಯೊಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

‘ಒಬ್ಬರಾದ್ರೂ ತಪ್ತಾರ ಅಂತ ಲೆಕ್ಕ ಹಾಕಿದ್ದೆ’ ಎಂದರು ಪಂಚಪ್ಪ, ಹಾಳೆಯನ್ನೇ ನೋಡುತ್ತ. ‘ಮೂವತ್ತೊಂದು ವರ್ಷದಾಗ ಹಿಂಗ ಆಗಿರಲಿಲ್ಲ.’

ಬೈರಣ್ಣ ಕಿಟಕಿಯಿಂದ ತಲೆ ಹಾಕಿದರು. ‘ಕೆಲ್ಸಕ್ಕಾದ್ರೆ ತಪ್ಪುಸ್ಕೋತಿದ್ವಿ ಕಣ್ರೀ. ಇದು ಟ್ರಿಪ್ಪು. ಟ್ರಿಪ್ಪಿಗೆ ಯಾವನ್ರೀ ತಪ್ಪುಸ್ಕೋತಾನೆ?’

ಪ್ರತಿಭಾ ಇಳಿಯುತ್ತೇನೆ ಎಂದಳು. ನಾನೂ ಎದ್ದೆ. ಪಂಚಪ್ಪ ಕೈ ಅಡ್ಡ ಹಿಡಿದರು. ‘ಹಾಜರಾದವರನ್ನ ಗೈರು ಹಾಕೂ ಪದ್ಧತಿ ಇಲ್ಲ. ಕುಂದರ್ರಿ. ಹೋಗಿ ಬರ್ರಿ. ನೀರಿನ ಮೋಟಾರ್ ನೋಡ್ಲಿಕ್ಕೂ ಒಬ್ಬರು ಬೇಕಲ್ಲ.’ ಆ ಕೊನೆಯ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಎಂದೋ ಬರೆದಿಟ್ಟುಕೊಂಡದ್ದು ಎಂದು ಎಲ್ಲರಿಗೂ ತಿಳಿಯಿತು.

ಆಗ ಶಿವಲಿಂಗವ್ವ ಕಿಟಕಿ ಪಕ್ಕದ ಸೀಟಿನಿಂದ ಎದ್ದರು. ರೊಟ್ಟಿಯ ಗಂಟನ್ನು ಬಿಚ್ಚಿ, ಹತ್ತೋ ಹನ್ನೆರಡೋ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡು, ಉಳಿದದ್ದನ್ನು ಪ್ರತಿಭಾಳ ತೊಡೆಯ ಮೇಲಿಟ್ಟರು. ಸೆರಗು ಸರಿಮಾಡಿಕೊಂಡು ಕೆಳಗಿಳಿದರು.

‘ನನ್ನ ಹೆಸರಿನ ಮುಂದ ಗೈರು ಬರೀರಿ’ ಎಂದರು.

‘ಯಾಕ?’

‘ಬರೀರಿ. ನಾ ಮೊದ್ಲ ಹೇಳಿದ್ದೆ. ಈಗ ಒಂದು ಜಾಗಾ ಖಾಲಿ ಆತು. ಬದಲಿ ಹತ್ರಿ. ನಿಮ್ಮ ಚಾರ್ಟಿನ ಪ್ರಕಾರನ ಹತ್ರಿ.’

ಗಂಡನ ಹೆಸರು ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೇಳಬೇಕಾಗಿಯೂ ಇರಲಿಲ್ಲ.

ಪಂಚಪ್ಪ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಅದು ಅಭ್ಯಾಸದ ಕಾಲು. ಖಾಲಿ ಜಾಗ ಕಂಡರೆ ತಾನಾಗಿ ಏಳುವಂಥದ್ದು. ಒಳಗಿನ ಸೀಟು ನೋಡಿದರು, ಹೊರಗೆ ಚೀಲ ಹಿಡಿದು ನಿಂತ ಹೆಂಡತಿಯನ್ನು ನೋಡಿದರು. ಸರ್ದಾರ್ ಎಂಜಿನ್ ಚಾಲೂ ಮಾಡಿ ಮತ್ತೆ ಆರಿಸಿದರು. ಪಂಚಪ್ಪ ಕಾಲು ಹಿಂತೆಗೆದರು.

‘ಹತ್ತೂದಿಲ್ಲೇನು?’ ಎಂದರು ಶಿವಲಿಂಗವ್ವ.

‘ಸ್ಯಾಟಲೈಟ್ ಬಸ್‌ಸ್ಟ್ಯಾಂಡಿನಿಂದ ಮಡಿಕೇರಿಗೆ ಬಸ್ ಅದಾವು’ ಎಂದರು ಪಂಚಪ್ಪ ಮೆಲ್ಲಗೆ. ‘ಸೀಟು ಸಿಗ್ತಾವೋ ಇಲ್ಲೋ. ರಜಾ ನೋಡು.’

‘ನಿಂತು ಹೋಗೂಣ.’

‘ಮೋಟಾರ್?’

ಮಾರಮ್ಮ ಒಳಗಿನಿಂದ ಹೇಳಿದರು. ‘ಮನೇಲಿ ಯಾರೂ ಇಲ್ದಿದ್ ಮ್ಯಾಕೆ ನೀರ್ ಯಾರಪ್ಪ ಕುಡಿಯೋರು?’

ಪಂಚಪ್ಪ ಚಾರ್ಟನ್ನು ಮಡಚಿ ಕಿಟಕಿಯಿಂದ ಪ್ರತಿಭಾಗೆ ಕೊಟ್ಟರು. ಗಾಡಿ ಹೊರಟಾಗ ಹಿಂದಿನಿಂದ ಅವರ ದನಿ ಕೇಳಿತು. ‘ಒಂದು ಸೀಟು ಖಾಲಿ ಹೊಂಟೈತಲ್ಲ.’ ಶಿವಲಿಂಗವ್ವನ ದನಿಯೂ ಕೇಳಿತು. ‘ಹೋಗ್ಲಿ ಬಿಡ್ರಿ.’

ಯಶವಂತಪುರ ದಾಟುವ ಹೊತ್ತಿಗೆ ಮಾರಮ್ಮ ಆ ಸೀಟಿನ ಮೇಲೆ ಮೊಣಕಾಲು ಚಾಚಿಕೊಂಡಿದ್ದರು. ತಿಂಡಿಗೆ ಇಪ್ಪತ್ತೈದು ನಿಮಿಷದ ಬದಲು ಒಂದು ಗಂಟೆ ಹಿಡಿಯಿತು. ಆನೆಗಳ ಮುಂದೆ ಮುಕ್ಕಾಲು ಗಂಟೆ ಕಳೆದೆವು. ಎಚ್ಚರಿಕೆ ಕೊಡುವವರು ಯಾರೂ ಇರಲಿಲ್ಲ. ಬೈರಣ್ಣ ಮಾತ್ರ ಎರಡು ಸಲ ಗಡಿಯಾರ ನೋಡಿಕೊಂಡು, ‘ಬೋ ತಡ ಆಯ್ತು, ಬೈತಾರೆ’ ಎಂದರು.

ರಾಜಾಸೀಟಿಗೆ ನಾವು ತಲುಪಿದಾಗ ಆರು ಗಂಟೆ. ಅವರಿಬ್ಬರೂ ಮೊದಲೇ ಬಂದು ಕಲ್ಲುಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ರಾಮನಗರದವರೆಗೆ ನಿಂತರಂತೆ, ಆಮೇಲೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತಂತೆ. ಬಸ್ಸಿನ ಕಂಡಕ್ಟರು ಬೇರೆ ಯಾರದೋ ಬದಲಿಗೆ ಬಂದವರು. ರಜೆಯ ದಿನ ಮನೆಯಲ್ಲಿ ಮಗಳನ್ನು ಬಿಟ್ಟು ಬಂದಿದ್ದೇನೆ ಎಂದರಂತೆ. ಪಂಚಪ್ಪ ಅವರಿಗೆ ಎರಡು ರೊಟ್ಟಿ ಕೊಟ್ಟು, ‘ಆಗಾಗ ಒಂದೀಟು ತಪ್ಪಿಸ್ಕೋಬೇಕ್ರಿ’ ಎಂದು ಬುದ್ಧಿ ಹೇಳಿದರಂತೆ. ಇದನ್ನು ಹೇಳಿದ್ದು ಶಿವಲಿಂಗವ್ವ. ಹೇಳುವಾಗ ಗಂಡನ ಕಡೆ ನೋಡಲಿಲ್ಲ.

ಕೆಳಗಿನ ಬೆಟ್ಟಗಳು ಒಂದರ ಹಿಂದೆ ಒಂದು ಮಸುಕಾಗುತ್ತಿದ್ದವು. ಫೋಟೋ ತೆಗೆಯೋಣ ಎಂದು ಯಾರೋ ಅಂದರು. ಪಂಚಪ್ಪ ಕೂಡಲೇ ಎದ್ದು, ‘ನೀವೆಲ್ಲಾ ನಿಲ್ರಿ, ನಾ ತೆಗೀತೀನಿ’ ಎಂದು ಫೋನಿಗೆ ಕೈ ಚಾಚಿದರು. ಶಿವಲಿಂಗವ್ವ ಫೋನನ್ನು ಅವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು.

‘ನೀವು ಇಲ್ಲಿ ನಿಲ್ರಿ’ ಎಂದು ತಮ್ಮ ಪಕ್ಕ ತೋರಿಸಿದರು.

ಅವರು ಬಂದು ನಿಂತರು. ಹಾಜರಿ ಹಾಕಿಸಿಕೊಳ್ಳುವವರ ಹಾಗೆ ಕೈ ಕಟ್ಟಿಕೊಂಡು, ಸ್ವೆಟರಿನ ಮೇಲಿನ ಗುಂಡಿಯವರೆಗೂ ಹಾಕಿಕೊಂಡು. ಹೊತ್ತು ಆರೂ ಇಪ್ಪತ್ತು. ಅದನ್ನು ಗಮನಿಸಿದ್ದು ಅವರೊಬ್ಬರೇ. ಸೂರ್ಯನ ಕಡೆ ಒಮ್ಮೆ ತಿರುಗಿ ನೋಡಿ, ಒಬ್ಬನಾದರೂ ಹೇಳಿದ ಹೊತ್ತಿಗೆ ಬಂದ ಎಂಬ ಸಮಾಧಾನದಲ್ಲಿ ತಲೆಯಾಡಿಸಿದರು. ನಾನು ತೆಗೆದ ಚಿತ್ರದಲ್ಲಿ ಅವರ ಮುಖ ಅರ್ಧ ಮಾತ್ರ ಬಿದ್ದಿದೆ. ಇನ್ನೊಂದು ತೆಗೆಯುತ್ತೇನೆ ಎಂದೆ. ಸಾಕು ಎಂದರು ಶಿವಲಿಂಗವ್ವ, ಇಷ್ಟು ಬಂದರೆ ಸಾಕು.